ಮೇಲೆ ಬಿಟ್ಟು ಬಂದಿದ್ದನ್ನ ಇಳಿಸೋರು ಯಾರು? ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಎಲ್ಲ ಸದಸ್ಯ ದೇಶಗಳ ಪ್ರತಿನಿಧಿಗಳು,
ಬಾಹ್ಯಾಕಾಶದ ಶಾಂತಿಯುತ ಬಳಕೆಯ ಸಮಿತಿ, ವಿಶ್ವಸಂಸ್ಥೆ, ವಿಯೆನ್ನಾ.

ಮಾನ್ಯರೇ,

ನಮಸ್ಕಾರ. ನಾನು ವಿಜ್ಞಾನಿ ಅಲ್ಲ, ಲಾಯರೂ ಅಲ್ಲ. ಇಪ್ಪತ್ತು ವರ್ಷದಿಂದ ಕತ್ತಲಾಗ್ತಿದ್ದ ಹಾಗೆ ಬೈನಾಕ್ಯುಲರ್ ಹಿಡ್ಕೊಂಡು ತಾರಸಿ ಹತ್ತೋ ಹವ್ಯಾಸಿ ಅಷ್ಟೆ. ಸ್ಯಾಟಲೈಟ್‌ಗಳು ಹಾದು ಹೋಗೋದನ್ನ ನೋಡೋದು, ಯಾವುದು ಯಾವ ಹೊತ್ತಿಗೆ ಯಾವ ದಿಕ್ಕಿಂದ ಬಂತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರ್ಕೊಳ್ಳೋದು, ಇಷ್ಟೇ ನನ್ನ ಕೆಲಸ. ಆ ನೋಟ್‌ಬುಕ್ ತಿರುವಿ ಹಾಕಿದಾಗ ಕಂಡಿದ್ದನ್ನ, ಅಂದ್ರೆ ಕೆಲಸ ಮುಗಿದ ಮೇಲೂ ಯಾರೂ ಇಳಿಸದೆ ಭೂಮಿ ಸುತ್ತ ಸುತ್ತುತ್ತಾ ಇರೋ ಬಾಹ್ಯಾಕಾಶ ಕಸದ ವಿಷಯವನ್ನ, ನಿಮಗೆ ಹೇಳಲೇಬೇಕು ಅನ್ನಿಸಿ ಈ ಪತ್ರ ಬರೀತಾ ಇದೀನಿ.

ನನಗೆ ಈ ಹುಚ್ಚು ಹತ್ತಿಸಿದ್ದು ಇರಿಡಿಯಂ ಅನ್ನೋ ಫೋನ್ ಕಂಪನಿಯ ಸ್ಯಾಟಲೈಟ್‌ಗಳು. ಅವುಗಳ ಆಂಟೆನಾಗಳು ಅಂದ್ರೆ ಬಾಗಿಲಿನಷ್ಟು ದೊಡ್ಡದಾದ, ಕನ್ನಡಿ ಥರ ನುಣುಪಾದ ಹಲಗೆಗಳು, ಅದರ ಮೇಲೆ ಬಿದ್ದ ಬಿಸಿಲು ಸರಿಯಾದ ಕೋನದಲ್ಲಿ ನಾವು ನಿಂತಿರೋ ಜಾಗಕ್ಕೆ ಬಂತು ಅಂದ್ರೆ ಕೆಲವೇ ಸೆಕೆಂಡು ಶುಕ್ರ ಗ್ರಹಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಹೊಳೆದು ಆರಿ ಹೋಗೋದು. ಇಷ್ಟು ಗಂಟೆ ಇಷ್ಟು ನಿಮಿಷ ಇಷ್ಟು ಸೆಕೆಂಡಿಗೆ ಅಂತ ಮೊದಲೇ ಲೆಕ್ಕ ಸಿಗ್ತಿತ್ತು. ಅದನ್ನ ನೋಡಿ ಹೇಳಿದ ಸೆಕೆಂಡಿಗೆ ಸರಿಯಾಗಿ ಆಕಾಶದಲ್ಲಿ ಬೆಳಕು ಹತ್ತೋದನ್ನ ಮೊದಲ ಸಲ ಕಂಡಾಗ ಮನುಷ್ಯ ಎಂಥದ್ದನ್ನ ಮಾಡ್ತಾನಪ್ಪಾ ಅಂತ ಮೈ ಜುಂ ಅಂದಿತ್ತು.

2009ರ ಫೆಬ್ರವರಿ 10ರಂದು ಅದೇ ಗುಂಪಿನ ಇರಿಡಿಯಂ 33 ಚೂರು ಚೂರಾಯ್ತು. ಸೈಬೀರಿಯಾದ ಮೇಲೆ, ಸುಮಾರು 790 ಕಿ.ಮೀ. ಎತ್ತರದಲ್ಲಿ, ಕಾಸ್ಮೋಸ್ 2251 ಅನ್ನೋ ರಷ್ಯಾದ ಹಳೇ ಸ್ಯಾಟಲೈಟ್ ಬಂದು ಗುದ್ದಿತು. ಅದು 1993ರಲ್ಲಿ ಹಾರಿಸಿದ್ದು, 1995ರಿಂದಲೇ ಕೆಲಸ ನಿಲ್ಲಿಸಿತ್ತು, ಅಂದ್ರೆ ಹದಿನಾಲ್ಕು ವರ್ಷ ಹೇಳೋರು ಕೇಳೋರು ಇಲ್ಲದೆ ಸುತ್ತುತ್ತಾ ಇತ್ತು. ಆಗ ಇದ್ದ ಒಂದು ಲೆಕ್ಕದ ಪ್ರಕಾರ ಇವೆರಡೂ ಅರ್ಧ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿ ಹಾದು ಹೋಗಬೇಕಿತ್ತು. ಹೋಗಲಿಲ್ಲ. ಸೆಕೆಂಡಿಗೆ 11 ಕಿ.ಮೀ.ಗೂ ಜಾಸ್ತಿ ವೇಗದಲ್ಲಿ ಗುದ್ದಿಕೊಂಡು, ಪತ್ತೆ ಹಚ್ಚೋಕೆ ಆಗುವಷ್ಟು ದೊಡ್ಡ ಚೂರುಗಳೇ 2,000ಕ್ಕೂ ಮೇಲೆ ಆದವು. ಅವುಗಳಲ್ಲಿ ಎಷ್ಟೋ ಇವತ್ತಿಗೂ ಅಲ್ಲೇ ಇವೆ.

ಆ ಘಟನೆಗೆ ಯಾರು ದಂಡ ಕಟ್ಟಿದ್ರು, ಯಾರು ಯಾರಿಗೆ ಪರಿಹಾರ ಕೊಟ್ರು ಅಂತ ನಾನು ಆಮೇಲೆ ಹುಡುಕಿದೆ. ಯಾರೂ ಇಲ್ಲ. ನಿಮ್ಮ ಸಮಿತಿಯಲ್ಲೇ ತಯಾರಾದ 1972ರ ಹೊಣೆಗಾರಿಕೆ ಒಪ್ಪಂದದಲ್ಲಿ ಭೂಮಿ ಮೇಲೆ ನಷ್ಟ ಆದ್ರೆ ಹಾರಿಸಿದ ದೇಶ ಪೂರ್ತಿ ಹೊಣೆ ಅಂತಿದೆ, ಆದ್ರೆ ಕಕ್ಷೆಯಲ್ಲಿ ಆದ್ರೆ ಯಾರ ತಪ್ಪು ಅನ್ನೋದನ್ನ ಮೊದಲು ಸಾಬೀತು ಮಾಡಬೇಕು. ಸತ್ತು ಹೋದ, ಸ್ಟೀರಿಂಗೇ ಇಲ್ಲದ ಒಂದು ವಸ್ತು ಬಂದು ಗುದ್ದಿದ್ರೆ ತಪ್ಪು ಯಾರದ್ದು? ಅದನ್ನ ಅಲ್ಲೇ ಬಿಟ್ಟು ಹೋಗಿದ್ದೇ ತಪ್ಪು ಅಂತ ಯಾವ ಒಪ್ಪಂದದಲ್ಲೂ ಬರೆದಿಲ್ಲ. ನನ್ನ ದೂರು ಇದೇ ಮಾನ್ಯರೇ, ಇನ್ನು ಮುಂದೆ ಹೇಳೋದೆಲ್ಲ ಇದರ ಸುತ್ತಲೇ.

ಬೈನಾಕ್ಯುಲರ್‌ನಲ್ಲಿ ನೋಡೋರಿಗೆ ಬದುಕಿರೋ ಸ್ಯಾಟಲೈಟ್ ಯಾವುದು, ಸತ್ತಿರೋದು ಯಾವುದು ಅಂತ ಎಷ್ಟೋ ಸಲ ನೋಡ್ತಿದ್ದ ಹಾಗೇ ಗೊತ್ತಾಗುತ್ತೆ. ಬದುಕಿರೋದು ಸಾಮಾನ್ಯವಾಗಿ ಒಂದೇ ಸಮ ಬೆಳಕಿಟ್ಕೊಂಡು ನೆಟ್ಟಗೆ ಹೋಗುತ್ತೆ. ಸತ್ತಿದ್ದು ತಲೆಕೆಳಗಾಗಿ ಪಲ್ಟಿ ಹೊಡೀತಾ ಹೋಗುತ್ತೆ, ಅದಕ್ಕೇ ಮಿಣಕ್ ಅಂತ ಹೊಳೆದು ಮಂಕಾಗಿ ಮತ್ತೆ ಮಿಣಕ್ ಅನ್ನುತ್ತೆ. ಶುರುವಿನಲ್ಲಿ ನನಗೆ ಅದೂ ಚಂದವಾಗೇ ಕಾಣ್ತಿತ್ತು. ಆಮೇಲಾಮೇಲೆ ಪಟ್ಟಿ ಹಿಡ್ಕೊಂಡು ಯಾವುದು ಯಾವುದು ಅಂತ ಗುರುತು ಹಿಡಿಯೋಕೆ ಶುರು ಮಾಡಿದೆ ನೋಡಿ, ಅವತ್ತಿಂದ ಆ ಖುಷಿ ಹೋಯ್ತು. ಒಂದು ಸಂಜೆಯಲ್ಲಿ ನನ್ನ ತಲೆ ಮೇಲೆ ಹಾದು ಹೋಗಿದ್ದರಲ್ಲಿ ಎಷ್ಟು ರಾಕೆಟ್‌ಗಳ ಖಾಲಿ ಹಂತಗಳು, ಅಂದ್ರೆ ಇಂಧನ ಮುಗಿದ ಮೇಲೆ ಕಳಚಿ ಅಲ್ಲೇ ಬಿಟ್ಟ ರಾಕೆಟ್ ಭಾಗಗಳು! ಮುಖ್ಯವಾಗಿ ಸೋವಿಯತ್ ಕಾಲದ ಜೆನಿತ್ ರಾಕೆಟ್‌ನ ಮೇಲಿನ ಹಂತಗಳು, ಅವನ್ನ ಬೈನಾಕ್ಯುಲರ್ ಇಲ್ಲದೆ ಬರಿಗಣ್ಣಲ್ಲೇ ನೋಡಬಹುದು, ಅಷ್ಟು ದೊಡ್ಡವು. ಒಂದೊಂದೂ ಹತ್ತು ಮೀಟರ್‌ಗಿಂತ ಉದ್ದ, ಎಂಟು ಒಂಬತ್ತು ಟನ್ ತೂಕ, ಅಂಥವು ಹದಿನೆಂಟರಷ್ಟು ಸುಮಾರು 840 ಕಿ.ಮೀ. ಎತ್ತರದ ಆಸುಪಾಸಲ್ಲೇ ಗುಂಪಾಗಿ ಸುತ್ತುತ್ತಾ ಇವೆ. ಮೊದಲು ಇಳಿಸಬೇಕಾದ ಅಪಾಯದ ವಸ್ತುಗಳು ಯಾವುವು ಅಂತ ಬೇರೆ ಬೇರೆ ದೇಶದ ತಜ್ಞರು ಸೇರಿ 2020ರಲ್ಲಿ ಪಟ್ಟಿ ಮಾಡಿದಾಗ ಎಲ್ಲಕ್ಕಿಂತ ಮೇಲೆ ಬಂದಿದ್ದು ಇವೇ. ಇವುಗಳಲ್ಲಿ ಎರಡು ಒಂದಕ್ಕೊಂದು ಗುದ್ದಿದ್ರೆ 2009ರಲ್ಲಿ ಆಗಿದ್ದು ಏನೇನೂ ಅಲ್ಲ.

ಮೇಲೆ ಸುತ್ತೋ ಇಂಥ ವಸ್ತುಗಳ ವೇಗ ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ಅನ್ನೋದು ಬಾಯಲ್ಲಿ ಹೇಳೋಕೆ ಸುಲಭ. ನಾನು ಒಂದು ಸಲ ಎಣಿಸಿ ನೋಡಿದೆ, ಒಂದು ರಾಕೆಟ್ ಬಾಡಿ ಆಕಾಶದ ಒಂದು ಅಂಚಲ್ಲಿ ಹುಟ್ಟಿ ನೆತ್ತಿ ದಾಟಿ ಇನ್ನೊಂದು ಅಂಚಲ್ಲಿ ಮುಳುಗೋಕೆ ಹತ್ತು ಹನ್ನೆರಡು ನಿಮಿಷ, ಅಷ್ಟರೊಳಗೆ ಅದು ಐದು ಸಾವಿರ ಕಿಲೋಮೀಟರ್ ಹೋಗಿರುತ್ತೆ. ಆ ವೇಗದಲ್ಲಿ ಒಂದು ಸೆಂಟಿಮೀಟರ್ ಚೂರು ಬಂದು ಬಡಿದ್ರೆ ಕೈಬಾಂಬ್ ಸಿಡಿದ ಹಾಗೆ. 1983ರಲ್ಲಿ ಚಾಲೆಂಜರ್ ಷಟಲ್‌ನ ಕಿಟಕಿ ಗಾಜಿಗೆ ಗುಳಿ ಬಿದ್ದಿದ್ದು ಕಲ್ಲಿಂದಲ್ಲ, ಕಬ್ಬಿಣದಿಂದಲ್ಲ, ಒಂದು ಪೇಂಟ್ ಚಕ್ಕೆಯಿಂದ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಅಂದಾಜಿನಲ್ಲಿ ಒಂದು ಸೆಂಟಿಮೀಟರ್‌ಗಿಂತ ದೊಡ್ಡ ಚೂರುಗಳೇ ಈಗ ಹತ್ತು ಲಕ್ಷ ದಾಟಿವೆ. ರೇಡಾರ್, ಟೆಲಿಸ್ಕೋಪು ಎಲ್ಲ ಹಚ್ಚಿ ನಾವು ದಿನಾ ಜಾಡು ಹಿಡೀತಾ ಇರೋದು ಬದುಕಿರೋ ಸ್ಯಾಟಲೈಟ್‌ಗಳನ್ನೂ ಸೇರಿಸಿ ಸುಮಾರು 40,000 ವಸ್ತುಗಳನ್ನ ಮಾತ್ರ. ಉಳಿದವು ಎಲ್ಲಿವೆ ಅಂತ ಯಾರಿಗೂ ಕಾಣಲ್ಲ, ಗುದ್ದಿದಾಗಲೇ ಗೊತ್ತಾಗೋದು.

ಇದು ಹೊಸ ವಿಷಯ ಏನೂ ಅಲ್ಲ. ನಾಸಾದ ವಿಜ್ಞಾನಿಗಳಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೇ 1978ರಲ್ಲೇ ಲೆಕ್ಕ ಹಾಕಿ ಹೇಳಿದ್ರು, ವಸ್ತುಗಳು ಒಂದು ಮಟ್ಟ ಮೀರಿ ತುಂಬಿದ್ರೆ ಡಿಕ್ಕಿಯಿಂದ ಚೂರು, ಚೂರಿಂದ ಇನ್ನೊಂದು ಡಿಕ್ಕಿ, ಅದರಿಂದ ಇನ್ನಷ್ಟು ಚೂರು, ಹೀಗೆ ನಾವು ಹೊಸದಾಗಿ ಏನೂ ಹಾರಿಸದೇ ಇದ್ರೂ ಕಸ ತಾನೇ ಬೆಳೀತಾ ಹೋಗುತ್ತೆ ಅಂತ. ಗಾಳಿ ಇರೋ ಎತ್ತರದಲ್ಲಿ ಪ್ರಕೃತಿ ನಮ್ಮ ಕಸ ಗುಡಿಸಿಕೊಡುತ್ತೆ, 400 ಕಿ.ಮೀ.ನಲ್ಲಿ ಬಿಟ್ಟದ್ದು ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ಕೆಳಗೆ ಬಂದು ಉರಿದು ಹೋಗುತ್ತೆ. 800 ಕಿ.ಮೀ.ನಲ್ಲಿ ಬಿಟ್ಟದ್ದು ನೂರಾರು ವರ್ಷ ಅಲ್ಲೇ. ಯುರೋಪಿನ ಎನ್ವಿಸ್ಯಾಟ್ ಅನ್ನೋ ಸ್ಯಾಟಲೈಟ್ 2012ರ ಏಪ್ರಿಲ್‌ನಲ್ಲಿ ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿತು, ಎಂಟು ಟನ್ ತೂಕ, ಇನ್ನು ನೂರೈವತ್ತು ವರ್ಷದ ತನಕ ಅದು ಅಲ್ಲೇ ಇರಬಹುದು ಅಂತಾರೆ. 1958ರಲ್ಲಿ ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್ 1 ಒಂದೂವರೆ ಕೆಜಿ ಕೂಡ ಇಲ್ಲದ ಪುಟ್ಟ ಗೋಲಿ, 1964ರಲ್ಲೇ ಅದರ ರೇಡಿಯೋ ಸುಮ್ಮನಾಯ್ತು, ಅದು ಇನ್ನೂ ಸುತ್ತುತ್ತಾ ಇದೆ. ನಿಮ್ಮ ಸಮಿತಿ ಕಾಯಂ ಆಗಿದ್ದು 1959ರಲ್ಲಿ. ಸಮಿತಿಗಿಂತ ಹಳೇ ಕಸ ಅದು.

ತಿಳೀದೆ ಬಿಟ್ಟದ್ದು ಒಂದು ಕಡೆಗಿರಲಿ. ಬೇಕಂತಲೇ ಒಡೆದಿದ್ದನ್ನ ನನಗೆ ಕ್ಷಮಿಸೋಕೆ ಆಗ್ತಾ ಇಲ್ಲ. 2007ರ ಜನವರಿ 11ರಂದು ಚೀನಾ ತನ್ನದೇ ಫೆಂಗ್‌ಯುನ್ 1ಸಿ ಹವಾಮಾನ ಸ್ಯಾಟಲೈಟನ್ನ ಕ್ಷಿಪಣಿಯಿಂದ ಹೊಡೆದು 3,000ಕ್ಕೂ ಹೆಚ್ಚು ದೊಡ್ಡ ಚೂರು ಮಾಡಿತು, ಅದೂ 860 ಕಿ.ಮೀ. ಎತ್ತರದಲ್ಲಿ. ಅಮೆರಿಕ 1985ರಲ್ಲೂ 2008ರಲ್ಲೂ ಹೊಡೀತು. ಭಾರತ 2019ರ ಮಾರ್ಚ್ 27ರಂದು ಹೊಡೀತು, ಸುಮಾರು 300 ಕಿ.ಮೀ. ಎತ್ತರದಲ್ಲಿ ಹೊಡೆದಿದ್ದರಿಂದ ಹೆಚ್ಚಿನ ಚೂರು ಕೆಲವು ತಿಂಗಳಲ್ಲಿ ಉರಿದು ಹೋದವು ಅನ್ನೋದು ನಿಜ, ಆದ್ರೆ ಕೆಲವು ಚೂರು ಮೇಲಕ್ಕೆ ಚಿಮ್ಮಿ ವರ್ಷಗಟ್ಟಲೆ ಉಳಿದವು ಅನ್ನೋದೂ ಅಷ್ಟೇ ನಿಜ. 2021ರ ನವೆಂಬರ್ 15ರಂದು ರಷ್ಯಾ ತನ್ನದೇ ಹಳೇ ಸ್ಯಾಟಲೈಟ್ ಕಾಸ್ಮೋಸ್ 1408 ಅನ್ನ ಒಡೆದಾಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಏಳು ಜನ ತಮ್ಮ ತಮ್ಮ ನೌಕೆಯೊಳಗೆ ಹೋಗಿ ಬಾಗಿಲು ಹಾಕ್ಕೊಂಡು ಕೂರಬೇಕಾಯ್ತು, ಆ ಏಳು ಜನರಲ್ಲಿ ಇಬ್ಬರು ರಷ್ಯಾದವರೇ. ಅವತ್ತು ರಾತ್ರಿ ನಿಲ್ದಾಣ ಹಾದು ಹೋಗೋದನ್ನ ಎಷ್ಟೋ ಸಲ ನೋಡಿದ್ದ ಜಾಗದಲ್ಲೇ ನಿಂತ್ಕೊಂಡು, ತೊಂಬತ್ತು ನಿಮಿಷಕ್ಕೊಂದು ಸಲ ಆ ಚೂರುಗಳ ಮೋಡದ ಹತ್ತಿರ ಹೋಗಿ ಬರ್ತಾ ಇರೋ ಅವರಿಗೆ ಏನನ್ನಿಸ್ತಿರಬಹುದು ಅಂತ ಯೋಚನೆ ಮಾಡ್ತಾ ಇದ್ದೆ. 2025ರ ನವೆಂಬರ್‌ನಲ್ಲಿ ಚೀನಾದ ಮೂವರು ಗಗನಯಾತ್ರಿಗಳು ವಾಪಸ್ ಬರೋ ದಿನ ಮುಂದಕ್ಕೆ ಹೋಯ್ತು, ಅವರ ಷೆಂಝೌ 20 ನೌಕೆಯ ಕಿಟಕಿಯಲ್ಲಿ ಬಿರುಕು ಕಂಡಿತ್ತು, ಕಸದ ಚೂರು ಬಡಿದಿರಬೇಕು ಅನ್ನೋ ಅನುಮಾನ, ಕೊನೆಗೆ ಬೇರೆ ನೌಕೆ ಹತ್ತಿ ಬಂದ್ರು. ಚೂರು ಯಾವ ದೇಶದ್ದು, ಕಿಟಕಿ ಯಾವ ದೇಶದ್ದು ಅಂತ ನೋಡ್ಕೊಂಡು ಬಡಿಯಲ್ಲ.

ಇಂಥ ಪರೀಕ್ಷೆ ಮಾಡಬೇಡಿ ಅಂತ 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ನಿರ್ಣಯ ಬಂದಾಗ 155 ದೇಶ ಹೌದು ಅಂದವು. ಒಂಬತ್ತು ದೇಶ ಬೇಡ ಅಂದವು, ಅದರಲ್ಲಿ ರಷ್ಯಾ, ಚೀನಾ ಇದ್ವು. ಒಂಬತ್ತು ದೇಶ ಮತ ಹಾಕದೆ ಕೂತವು, ಅದರಲ್ಲಿ ಭಾರತ ಇತ್ತು. ಹೌದು ಅಂದವರ ಸಾಲಲ್ಲಿದ್ದ ಅಮೆರಿಕ ಕೂಡ ತನ್ನ ಪರೀಕ್ಷೆಗಳನ್ನೆಲ್ಲ ಮುಗಿಸಿಕೊಂಡ ಮೇಲೇ ಆ ಮಾತು ಆಡಿದ್ದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರು ಅಂತಾರಲ್ಲ ಹಾಗೆ. ಆದ್ರೂ ಹಾಕಲಿ ಅಂತ ನಾನು ಕೇಳ್ತೀನಿ, ಬಾಗಿಲು ಹಾಕದೇ ಇರೋದಕ್ಕಿಂತ ತಡವಾಗಿ ಹಾಕೋದು ವಾಸಿ.

ಈಗ ನನ್ನ ಮೂಲ ಮಾತಿಗೆ ಬರ್ತೀನಿ. 1967ರ ಬಾಹ್ಯಾಕಾಶ ಒಪ್ಪಂದದ ಎಂಟನೇ ವಿಧಿ ಏನ್ ಹೇಳುತ್ತೆ ಅಂದ್ರೆ, ಹಾರಿಸಿದ ವಸ್ತು ಮೇಲಿದ್ರೂ ಕೆಳಗೆ ಬಂದ್ರೂ ಅದರ ಒಡೆತನ ಬದಲಾಗಲ್ಲ, ಯಾವ ದೇಶದ ಪಟ್ಟಿಯಲ್ಲಿದೆಯೋ ಆ ದೇಶದ ಅಧಿಕಾರವೇ ನಡೆಯುತ್ತೆ. ಸಮುದ್ರದಲ್ಲಿ ಯಾರಾದ್ರೂ ಬಿಟ್ಟು ಹೋದ ಹಡಗನ್ನ ಬೇರೆಯವರು ಎಳ್ಕೊಂಡು ಬರೋಕೆ ನೂರಾರು ವರ್ಷದ ಕಾನೂನು ಇದೆ, ಇಲ್ಲಿ ಅದಿಲ್ಲ. ಮೂವತ್ತು ವರ್ಷದ ಹಿಂದೆ ಸತ್ತ ರಾಕೆಟ್ ಹಂತವನ್ನ ಬೇರೆ ದೇಶದವರು ತಮ್ಮ ದುಡ್ಡಲ್ಲೇ ಇಳಿಸ್ತೀವಿ ಅಂದ್ರೂ ಒಡೆಯನ ಒಪ್ಪಿಗೆ ಇಲ್ಲದೆ ಮುಟ್ಟೋ ಹಾಗಿಲ್ಲ. ಸರಿ, ಒಡೆಯನೇ ಇಳಿಸಬೇಕು ಅಂತ ಇದೆಯಾ ಅಂದ್ರೆ ಅದೂ ಇಲ್ಲ. ತಾನೂ ತೆಗೆಯಲ್ಲ, ತೆಗೆಯೋರಿಗೂ ಬಿಡಲ್ಲ. ಭೂಮಿ ಮೇಲೆ ಯಾರಾದ್ರೂ ಕೆಟ್ಟ ಲಾರಿಯನ್ನ ಹೆದ್ದಾರಿ ಮಧ್ಯ ಬಿಟ್ಟು ಹೋಗಿ, ಇದು ನನ್ನದು ಯಾರೂ ಮುಟ್ಟಬೇಡಿ ಅಂತ ಬೋರ್ಡ್ ಹಾಕಿದ್ರೆ ಒಂದು ದಿನ ಸುಮ್ಮನಿರ್ತಾರಾ? ಅಲ್ಲಿ ಲಾರಿ ನಿಂತಿರುತ್ತೆ ಕನಿಷ್ಠ. ಇಲ್ಲಿ ಅದು ಗಂಟೆಗೆ 27,000 ಕಿ.ಮೀ. ವೇಗದಲ್ಲಿ ಎಲ್ಲರ ದಾರಿಗೂ ಅಡ್ಡ ಬರ್ತಾ ಇರುತ್ತೆ.

ತೆಗೆಯೋಕೆ ಆಗಲ್ಲ ಅಂತ ಹೇಳೋ ಕಾಲ ಹೋಯ್ತು. 2024ರಲ್ಲಿ ಜಪಾನಿನ ಆಡ್ರಾಸ್-ಜೆ ಅನ್ನೋ ಪುಟ್ಟ ನೌಕೆ, 2009ರಿಂದ ತೇಲ್ತಾ ಇದ್ದ ಸುಮಾರು ಮೂರು ಟನ್ ತೂಕದ ರಾಕೆಟ್ ಹಂತವೊಂದನ್ನ ಹುಡುಕ್ಕೊಂಡು ಹೋಗಿ, ಅದರ ಸುತ್ತ ಸುತ್ತು ಹಾಕಿ ಫೋಟೋ ತೆಗೆದು, 15 ಮೀಟರ್ ಹತ್ತಿರದ ತನಕ ಹೋಗಿ ಬಂತು. ಆ ಫೋಟೋ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ, ಇಷ್ಟು ವರ್ಷ ಚುಕ್ಕಿ ಥರ ನೋಡ್ತಿದ್ದ ಜಾತಿಯ ವಸ್ತು ಅಷ್ಟು ಸ್ಪಷ್ಟವಾಗಿ, ಸಾಕಷ್ಟು ಗಟ್ಟಿಮುಟ್ಟಾಗಿ ಕಾಣ್ತಾ ಇತ್ತು. ಆದ್ರೆ ಗಮನಿಸಿ, ಜಪಾನ್ ಹೋಗಿದ್ದು ಜಪಾನಿನದ್ದೇ ಕಸದ ಹತ್ತಿರ, ಒಪ್ಪಿಗೆಯ ತಕರಾರು ಬರಬಾರದು ಅಂದ್ರೆ ಅದೇ ದಾರಿ. ಯುರೋಪಿನವರು ತಮ್ಮದೇ 2013ರ ರಾಕೆಟ್‌ನ ಒಂದು ಭಾಗವನ್ನ ಹಿಡಿದು ಇಳಿಸೋಕೆ ಪ್ಲಾನ್ ಮಾಡಿದ್ರು. ಹಿಡಿಯೋ ನೌಕೆ ತಯಾರಾಗೋ ಮುಂಚೆ, 2023ರ ಆಗಸ್ಟ್‌ನಲ್ಲಿ, ಆ ಭಾಗಕ್ಕೇ ಬೇರೆ ಯಾವುದೋ ಚೂರು ಬಂದು ಬಡಿದು ಅದರಿಂದ ಹೊಸ ಚೂರು ಎದ್ವು. ತಡ ಮಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ನಾನೇನು ಕೊಡಲಿ.

ಮಾರ್ಗಸೂಚಿ ಇದೆಯಲ್ಲ ಅಂತ ನೀವು ಹೇಳಬಹುದು. ಇದೆ. ನೀವು 2007ರಲ್ಲಿ ಕೊಟ್ಟಿದ್ದು ಓದಿದೀನಿ, 2019ರ 21 ಅಂಶಗಳನ್ನೂ ಓದಿದೀನಿ, ಅದರಲ್ಲಿ ತಪ್ಪು ಹುಡುಕೋಕೆ ಏನೂ ಇಲ್ಲ, ಕೆಲಸ ಮುಗಿದ ಮೇಲೆ ಉಳಿದ ಇಂಧನ ಹೊರಗೆ ಬಿಡಿ ಬ್ಯಾಟರಿ ಖಾಲಿ ಮಾಡಿ ಇಲ್ಲಾಂದ್ರೆ ಸಿಡಿಯುತ್ತೆ ಅಂತೆಲ್ಲ ಚೆನ್ನಾಗೇ ಬರೆದಿದ್ದೀರಿ. ಆದ್ರೆ ಪ್ರತಿ ಸಲವೂ ಸ್ವಯಂಪ್ರೇರಿತ ಅನ್ನೋ ಒಂದು ಪದ ಸೇರಿಸಿ ಎಲ್ಲದರ ಜೀವ ತೆಗೆದುಬಿಡ್ತೀರಿ. ಕಕ್ಷೆಯಲ್ಲಿ ಇಲ್ಲಿ ತನಕ 600ಕ್ಕೂ ಹೆಚ್ಚು ಸಲ ವಸ್ತುಗಳು ಸಿಡಿದೋ, ಗುದ್ದಿಯೋ, ಇನ್ಯಾವುದೋ ಕಾರಣಕ್ಕೋ ಒಡೆದಿವೆ. ಕೆಲಸ ಮುಗಿದ ಮೇಲೆ 25 ವರ್ಷದೊಳಗೆ ಇಳಿಸಿ ಅನ್ನೋ ಮಾತು ಎಷ್ಟೋ ಕಾಲ ನಡೀತು, ಇಪ್ಪತ್ತೈದು ವರ್ಷ ಅಂದ್ರೆ ಅವತ್ತು ಸಹಿ ಹಾಕಿದ ಅಧಿಕಾರಿ ರಿಟೈರ್ ಆಗಿ ಹೋಗಿರ್ತಾರೆ, ಕೇಳೋದು ಯಾರನ್ನ? ಅಮೆರಿಕದ ಸಂಪರ್ಕ ಆಯೋಗ 2022ರಲ್ಲಿ ಅದನ್ನ ಐದು ವರ್ಷಕ್ಕೆ ಇಳಿಸಿತು. 2023ರಲ್ಲಿ ಅದೇ ಆಯೋಗ ತನ್ನ ಹಳೇ ಸ್ಯಾಟಲೈಟನ್ನ ಹೇಳಿದಷ್ಟು ಎತ್ತರದ ಸ್ಮಶಾನ ಕಕ್ಷೆಗೆ (ಕೆಲಸ ಮುಗಿದವನ್ನ ಬೇರೆಯವರ ದಾರಿಗೆ ಅಡ್ಡ ಬರದ ಹಾಗೆ ಇಡೋ ಜಾಗ) ಸಾಗಿಸದ ಡಿಶ್ ಅನ್ನೋ ಟಿವಿ ಕಂಪನಿಗೆ ಒಂದೂವರೆ ಲಕ್ಷ ಡಾಲರ್ ದಂಡ ಹಾಕಿತು, ಬಾಹ್ಯಾಕಾಶ ಕಸಕ್ಕೆ ಅಂತ ಆ ಆಯೋಗ ಹಾಕಿದ ಮೊದಲನೇ ದಂಡ ಅದು. ಮೊತ್ತ ಚಿಕ್ಕದು, ಆದ್ರೆ ದಂಡ ಹಾಕೋಕೆ ಸಾಧ್ಯ ಅಂತ ಗೊತ್ತಾಯ್ತಲ್ಲ. ಒಂದು ದೇಶದ ಒಂದು ಆಫೀಸಿಗೆ ಸಾಧ್ಯ ಆಗಿದ್ದು ನೂರಕ್ಕೂ ಹೆಚ್ಚು ದೇಶ ಇರೋ ನಿಮ್ಮ ಸಮಿತಿಗೆ ಯಾಕೆ ಆಗಬಾರದು?

ಇದು ಮೇಲಿರೋರ ಸಮಸ್ಯೆ ಅಂತ ಅಂದ್ಕೊಳ್ಳೋ ಹಾಗೂ ಇಲ್ಲ. 1978ರ ಜನವರಿಯಲ್ಲಿ ಪರಮಾಣು ರಿಯಾಕ್ಟರ್ ಹೊತ್ತ ಸೋವಿಯತ್‌ನ ಕಾಸ್ಮೋಸ್ 954 ಕೆನಡಾದ ಉತ್ತರದಲ್ಲಿ ಬಿದ್ದು ನೂರಾರು ಕಿಲೋಮೀಟರ್ ಉದ್ದಕ್ಕೂ ವಿಕಿರಣದ ಚೂರು ಚೆಲ್ಲಿತು, ಕೆನಡಾ 60 ಲಕ್ಷ ಡಾಲರ್ ಕೇಳಿತು, 1981ರಲ್ಲಿ 30 ಲಕ್ಷಕ್ಕೆ ಮಾತು ಮುಗೀತು. 2024ರ ಮಾರ್ಚ್‌ನಲ್ಲಿ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಮೂರು ವರ್ಷದ ಹಿಂದೆ ಬಿಸಾಡಿದ್ದ ಬ್ಯಾಟರಿಗಳ ಜೊತೆ ಇದ್ದ ಮುಕ್ಕಾಲು ಕೆಜಿಯಷ್ಟು ಲೋಹದ ತುಂಡು ಫ್ಲಾರಿಡಾದಲ್ಲಿ ಒಂದು ಮನೆಯ ಛಾವಣಿ ತೂತು ಮಾಡ್ಕೊಂಡು ಒಳಗೆ ಬಂತು. ಅದೇ ವರ್ಷ ಡಿಸೆಂಬರ್ 30ರಂದು ಕೀನ್ಯಾದ ಮುಕುಕು ಅನ್ನೋ ಹಳ್ಳಿಯಲ್ಲಿ ಎರಡೂವರೆ ಮೀಟರ್ ಅಗಲದ, 500 ಕೆಜಿ ತೂಕದ ಲೋಹದ ಬಳೆ ಬಿತ್ತು. ರಾಕೆಟ್ ಹಾರಿಸಿ ಹೆಸರು ಮಾಡಿದೋರು ಒಬ್ಬರು, ಅದು ಯಾರ ತಲೆ ಮೇಲೆ ಬೀಳುತ್ತೋ ಅವರು ಇನ್ನೊಬ್ಬರು. ಹಾಗಂತ ಎಲ್ಲವನ್ನೂ ಗಾಳಿಯಲ್ಲಿ ಸುಟ್ಟುಬಿಟ್ರೆ ಆಯ್ತು ಅಂತಲೂ ಅಲ್ಲ, ಉರಿದು ಹೋದ ನೌಕೆಗಳ ಅಲ್ಯೂಮಿನಿಯಂ ಮತ್ತೆ ಬೇರೆ ಲೋಹಗಳು ವಾಯುಮಂಡಲದ ಮೇಲಿನ ಪದರದ ಕಣಗಳಲ್ಲಿ ಸೇರಿರೋದು 2023ರಲ್ಲಿ ಪತ್ತೆ ಆಗಿದೆ, ಅದಕ್ಕೇ ಬೇಕಾದಷ್ಟೇ ಹಾರಿಸಿ ಅನ್ನೋ ಮಾತೂ ನಿಮ್ಮ ಚರ್ಚೆಯೊಳಗೆ ಬರಬೇಕು.

ನಾನು ಕೇಳ್ತಿರೋದು ಇಷ್ಟು. ಮೊಟ್ಟಮೊದಲು, ಒಂದು ಟನ್‌ಗಿಂತ ತೂಕ ಇರೋ ಸತ್ತ ವಸ್ತುಗಳನ್ನೆಲ್ಲ ಒಡೆಯ ದೇಶದ ಹೆಸರು, ಹಾರಿಸಿದ ವರ್ಷ, ಇಳಿಸೋಕೆ ಅವರು ಇಟ್ಕೊಂಡಿರೋ ದಿನಾಂಕ, ಈ ಮೂರರ ಜೊತೆ ಪಟ್ಟಿ ಮಾಡಿ ಪ್ರತಿ ವರ್ಷ ನಿಮ್ಮ ಸಭೆಯಲ್ಲಿ ಗಟ್ಟಿಯಾಗಿ ಓದಿ. ದಿನಾಂಕ ಇಟ್ಕೊಂಡಿಲ್ಲ ಅಂದ್ರೆ ಇಟ್ಕೊಂಡಿಲ್ಲ ಅಂತಲೇ ಓದಿ. ಮಾಹಿತಿ ಈಗಲೂ ಇದೆ, ನನ್ನಂಥ ಹವ್ಯಾಸಿಗೂ ಸಿಗುತ್ತೆ, ಆದ್ರೆ ಒಡೆಯರ ಎದುರಿಗೆ ಹೆಸರು ಹಿಡಿದು ಓದೋದೇ ಬೇರೆ. ಎರಡನೇದು, ಸತ್ತ ವಸ್ತುವನ್ನ ತಾನು ಇಂತಿಷ್ಟು ವರ್ಷದೊಳಗೆ ಇಳಿಸದಿದ್ರೆ ಬೇರೆಯವರು ಇಳಿಸೋಕೆ ಒಪ್ಪಿಗೆ ಕೊಟ್ಟ ಹಾಗೇ ಅಂತ ಒಂದು ಹೊಸ ಒಪ್ಪಂದ ತನ್ನಿ. ಮಿಲಿಟರಿ ಗುಟ್ಟಿರೋ ಸ್ಯಾಟಲೈಟ್‌ಗಳ ಬಗ್ಗೆ ಆತಂಕ ಇರುತ್ತೆ, ಅರ್ಥ ಆಗುತ್ತೆ, ಅವನ್ನ ಬೇಕಾದ್ರೆ ಕೊನೆಗೆ ಇಟ್ಕೊಳ್ಳಿ. ಖಾಲಿ ರಾಕೆಟ್ ಹಂತದಲ್ಲಿ ಎಂಥ ಗುಟ್ಟಿರುತ್ತೆ ಹೇಳಿ? ಅಲ್ಲಿಂದಲೇ ಶುರು ಮಾಡಿ.

ಹೊಸದಾಗಿ ಹಾರಿಸೋರ ಹತ್ರ ಲೈಸೆನ್ಸ್ ಕೊಡೋವಾಗಲೇ ಠೇವಣಿ ಇಡಿಸ್ಕೊಳ್ಳಿ ಅಂತ ಎಲ್ಲ ಸದಸ್ಯ ದೇಶಗಳಿಗೂ ಹೇಳಿ, ಸ್ಯಾಟಲೈಟ್ ಇಳಿದ ಮೇಲೆ ದುಡ್ಡು ವಾಪಸ್, ಇಳೀದಿದ್ರೆ ಆ ದುಡ್ಡಲ್ಲಿ ಬೇರೆಯವರು ಇಳಿಸಲಿ. ಸಾವಿರಗಟ್ಟಲೆ ಸ್ಯಾಟಲೈಟ್ ಒಂದೇ ಕಂಪನಿ ಹಾರಿಸೋ ಕಾಲ ಇದು, ಅದರಲ್ಲಿ ನೂರಕ್ಕೆ ಒಂದು ಕೆಟ್ಟು ನಿಂತ್ರೂ ಎಷ್ಟಾಯ್ತು ಲೆಕ್ಕ ಹಾಕಿ. ಹಾಗೇ, ಎದುರುಬದುರು ಬಂದಾಗ ಯಾರು ದಾರಿ ಬಿಡಬೇಕು ಅನ್ನೋದಕ್ಕೆ ಹಡಗಿಗೂ ವಿಮಾನಕ್ಕೂ ಇರೋ ಥರದ ನಿಯಮ ಕಕ್ಷೆಗಿಲ್ಲ, ಅದನ್ನೂ ಬರೀರಿ. ಸ್ಯಾಟಲೈಟ್ ಒಡೆಯೋ ಪರೀಕ್ಷೆಯನ್ನ ನಿರ್ಣಯದಿಂದ ಅಲ್ಲ, ಸಹಿ ಹಾಕಿದ ಒಪ್ಪಂದದಿಂದ ನಿಲ್ಲಿಸಿ, ಹೊಡೆದ ನಾಲ್ಕು ದೇಶಗಳೂ ಮೊದಲು ಸಹಿ ಹಾಕಲಿ.

ನಿಮ್ಮಲ್ಲಿ ಎಲ್ಲರೂ ಒಪ್ಪಿದ್ರೇ ತೀರ್ಮಾನ ಅನ್ನೋ ಪದ್ಧತಿ ಇದೆ ಅಂತ ಗೊತ್ತು. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅನ್ನೋ ಹಾಗೆ ವರ್ಷಗಟ್ಟಲೆ ಹೋಗುತ್ತೆ ಅಂತಲೂ ಗೊತ್ತು. ಆದ್ರೆ 1967ರಲ್ಲಿ, ಎರಡು ದೊಡ್ಡ ದೇಶಗಳು ಒಬ್ಬರ ಮುಖ ಒಬ್ಬರು ನೋಡದ ಕಾಲದಲ್ಲಿ, ಇದೇ ಸಮಿತಿಯ ಮೂಲಕ ಬಾಹ್ಯಾಕಾಶ ಒಪ್ಪಂದ ಬಂತು. ಅವತ್ತು ಆಗಿದ್ದು ಇವತ್ತು ಆಗಲ್ಲ ಅಂದ್ರೆ ನಾನು ನಂಬಲ್ಲ.

ಇರಿಡಿಯಂ ಬಗ್ಗೆ ಒಂದು ಮಾತು ಬಾಕಿ ಇದೆ. ಆ ಕಂಪನಿ ಹೊಸ ಸ್ಯಾಟಲೈಟ್ ಹಾರಿಸಿದ ಮೇಲೆ, ಹಳೇದರಲ್ಲಿ ಇನ್ನೂ ಮಾತು ಕೇಳ್ತಿದ್ದವನ್ನ 2019ರ ಕೊನೆಯ ಹೊತ್ತಿಗೆ ಒಂದೊಂದಾಗಿ ಕೆಳಗಿಳಿಸಿತು. ನನಗೆ ಇಷ್ಟವಾದ ಬೆಳಕು ಹೋಯ್ತು, ಬೇಜಾರಾಯ್ತು, ಆದ್ರೂ ಮಾಡಿದ್ದು ಸರಿ. ಮಾತು ಕೇಳದೆ ಉಳ್ಕೊಂಡವು ಸುಮಾರು ಮೂವತ್ತು, ಅವು ಪಲ್ಟಿ ಹೊಡೀತಾ ಇನ್ನೂ ಸುತ್ತುತ್ತಾ ಇವೆ. ಮೊನ್ನೆ ಸಂಜೆ ಕೂಡ ಅಂಥದ್ದೊಂದನ್ನ ನೋಡಿದೆ, ಒಂದು ಸಲ ಹೊಳೀತು, ಆಮೇಲೆ ಕಾಣಲಿಲ್ಲ. ನೋಟ್‌ಬುಕ್‌ನಲ್ಲಿ ಬರ್ಕೊಂಡೆ. ಮುಂದಿನ ಸಭೆಯಲ್ಲಿ ನೀವು ಪಟ್ಟಿ ಓದೋದಾದ್ರೆ ನನ್ನ ನೋಟ್‌ಬುಕ್ ಪೂರ್ತಿ ಕಳಿಸಿಕೊಡೋಕೆ ತಯಾರಿದೀನಿ.

ನಿಮ್ಮ ಉತ್ತರಕ್ಕೆ ಕಾಯ್ತಾ,
ಇಂತಿ ನಿಮ್ಮ ವಿಶ್ವಾಸಿ,
ಆಕಾಶ ನೋಡೋ ಒಬ್ಬ ಹವ್ಯಾಸಿ